ಅಪ್‌ಡೇಟ್: ಲಾಕ್‌ಡೌನಲ್ಲಿ ನಿದ್ದೆ ತಪ್ಪಿದ ಡಿಗ್ರಿ ಹುಡುಗರು, ಕೊನೆಗೆ ಏನಾಯ್ತು

ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಆನ್‌ಲೈನ್ ಕ್ಲಾಸ್ ಕೇಳ್ತಿರೋ ಹುಡುಗರು ರಾತ್ರಿ ಮೂರರ ತನಕ ಎದ್ದಿರ್ತಾರೆ, ಪರೀಕ್ಷೆ ಮುಂದೂಡಿದಷ್ಟೂ ಕಂಗಾಲಾಗ್ತಾರೆ, ಏನು ಮಾಡೋದು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಕೆಲಸ ಮಾಡಿದ್ದು "ಏಳೋ ಹೊತ್ತನ್ನ ಹಿಡೀರಿ, ಮಲಗೋ ಹೊತ್ತನ್ನಲ್ಲ" ಅನ್ನೋ ಸಲಹೆ. ಭಾನುವಾರವೂ ಆರೂವರೆಗೆ ಎದ್ದು, ಮಳೆ ಇದ್ರೂ ಜಗಲಿಯ ಬೆಳಕಲ್ಲಿ ಅರ್ಧ ಗಂಟೆ. ಹಾಸಿಗೆ ಮೇಲೆ ಕ್ಲಾಸ್ ಬೇಡ. ಸುಮಾರು 20 ನಿಮಿಷದಲ್ಲಿ ನಿದ್ದೆ ಬರದಿದ್ರೆ ಎದ್ದು ಬೇರೆ ಕಡೆ ಕೂತು, ಕಣ್ಣು ಎಳೆದಾಗಲೇ ವಾಪಸ್. ಒಂಬತ್ತಕ್ಕೇ ಮಲಗಿಸೋದು ಪೂರ್ತಿ ಫೇಲ್: ನಿದ್ದೆಯ ಒತ್ತಡ (ಎಚ್ಚರ ಇದ್ದಷ್ಟೂ ಏರೋ ನಿದ್ದೆಯ ಸೆಳೆತ) ಇನ್ನೂ ಕಟ್ಟಿರೋದಿಲ್ಲ, ಹೊರಳಾಡ್ತಾ ಚಿಂತೆ ಹೆಚ್ಚಾಗತ್ತೆ. ಮಧ್ಯಾಹ್ನ ಎರಡು ಗಂಟೆ ಹೊತ್ತು ಮಲಗೋದೂ ಅದೇ ಕತೆ.

ವಿಡಿಯೋ ಕೌನ್ಸೆಲಿಂಗ್ ನಮ್ಮ ನೆಟ್‌ವರ್ಕಿಗೆ ಆಗೋ ಮಾತಲ್ಲ. ಸಾದಾ ಫೋನ್ ಸಾಕು, ಆದ್ರೆ ಮನೆಯವರ ಕಿವಿ ದೂರ ಇರ್ಬೇಕು. ತೋಟಕ್ಕೆ ಹೋಗಿ ಮಾತಾಡಿದವರೇ ಬಾಯಿ ಬಿಟ್ಟಿದ್ದು.

ನನಗೆ ಗೊತ್ತಿಲ್ಲದಿದ್ದ ಸಂಗತಿ: ಖಿನ್ನತೆಯ ಲಕ್ಷಣ ಎಷ್ಟಿದೆ ಅಂತ ನೋಡೋ ಪಿಎಚ್‌ಕ್ಯೂ-9 ಅನ್ನೋ ಒಂಬತ್ತು ಪ್ರಶ್ನೆಗಳ ಪ್ರಶ್ನಾವಳಿ ಕನ್ನಡದಲ್ಲಿ ಉಚಿತವಾಗಿ ಸಿಗತ್ತೆ. ಹಿಂದಿನ ಎರಡು ವಾರದ ಬಗ್ಗೆ ಕೇಳತ್ತೆ, ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದ್ರೆ ವೈದ್ಯರನ್ನ ಕಾಣ್ಬೇಕು, ಕಾಯಿಲೆ ಇದೆ ಅಂತ ತೀರ್ಮಾನವಲ್ಲ. ಸಾಯುವ ಯೋಚನೆಯ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೇನೇ ಬಂದ್ರೂ, ಒಟ್ಟು ಎಷ್ಟೇ ಇರ್ಲಿ, ಅವತ್ತೇ ಮಾತಾಡಿ, ಒಬ್ಬರನ್ನೇ ಬಿಡಬೇಡಿ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ.

ಸೇರ್ಪಡೆ: 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ.