ಅಪ್ಪನಿಗೆ ರಾತ್ರಿ ಆದರೆ ದಿಕ್ಕು ತಪ್ಪುತ್ತಿದೆ, ಇದು ಬರೀ ವಯಸ್ಸಾ?

ಲಿಂಬೆತೋಟ:
ನಮ್ಮದು ಇಂಡಿ ಹತ್ತಿರ ಹಳ್ಳಿ. ಅಪ್ಪನಿಗೆ 78. ಯುಗಾದಿವರೆಗೂ ಆರಾಮಿದ್ದರು, ತೋಟಕ್ಕೆ ತಾವೇ ನೀರು ಬಿಡುತ್ತಿದ್ದರು. ಈಗ ಹತ್ತು ದಿನದಿಂದ ರಾತ್ರಿ ಎದ್ದು, ಎತ್ತು ಬಿಚ್ಚಿಕೊಂಡು ಹೋಗಿವೆ ಅಂತ ಬ್ಯಾಟರಿ ಹಿಡಿದು ಹೊರಡುತ್ತಾರೆ. ಎತ್ತು ಮಾರಿ ಹನ್ನೆರಡು ವರ್ಷ ಆಯ್ತು. ಮೊನ್ನೆ ಅವ್ವನನ್ನೇ "ಯಾರವ್ವಾ ನೀನು" ಅಂದುಬಿಟ್ಟರು. ಬೆಳಗಾದರೆ ಸುಮಾರು ಸರಿ, ಆದರೆ ಮಂಕು, ರೊಟ್ಟಿ ಅರ್ಧ ಬಿಟ್ಟು ಏಳುತ್ತಾರೆ. ಊರಲ್ಲಿ ಎಲ್ಲರದ್ದೂ ಒಂದೇ ಮಾತು, ಅರವತ್ತಕ್ಕೆ ಅರಳು ಮರಳು. ಬಿಪಿ ಗುಳಿಗೆ ತಗೋತಾರೆ, ಶುಗರ್ ಇಲ್ಲ. ನಾನಿರೋದು ಬೆಳಗಾವಿಯಲ್ಲಿ, ವಾರಕ್ಕೊಮ್ಮೆ ಹೋಗ್ತೀನಿ. ನಿದ್ದೆ ಗುಳಿಗೆ ಕೊಟ್ಟರೆ ನಡೆಯುತ್ತಾ? ಅವ್ವನೂ ನಿದ್ದೆಗೆಟ್ಟಿದ್ದಾಳೆ.

ಹಳೇಮಂದಿ:
ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ರೀ. ಬಾಗಿಲಿಗೆ ಕೀಲಿ ಹಾಕಿ ಮಲಗಿ.

ಜಮಖಂಡಿ ಅಕ್ಕ:
ಕೀಲಿ ಆಮೇಲೆ. ತಮ್ಮಾ, ನಿದ್ದೆ ಗುಳಿಗೆ ಸುಮ್ನೆ ಕೊಡಬೇಡ, ಜೋಲಿ ಹೊಡೆದು ಬಿದ್ದು ಸೊಂಟ ಮುರಿದುಕೊಂಡರೆ ಇನ್ನೊಂದು ತಾಪತ್ರಯ. ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನಕ್ಕೆ ಬರುತ್ತೆ, ಹತ್ತು ದಿನದಲ್ಲಿ ಹೀಗಾದರೆ ಒಳಗೆ ಬೇರೆ ಏನೋ ಕೆಟ್ಟಿದೆ ಅಂತಲೇ ತಿಳಿ. ನಮ್ಮತ್ತೆ ಹೋದ ವರ್ಷ ಗೋಡೆ ಮೇಲೆ ಇರುವೆ ಹರೀತಿವೆ ಅಂತ ಸೆರಗಿನಿಂದ ಒರೆಸೋಕೆ ಶುರು ಮಾಡಿದರು, ನಾವು ಗಾಳಿ ಸೋಕಿದೆ ಅಂತ ಕಾಯಿ ಒಡೆಸಿ, ತಾಯತ ಕಟ್ಟಿಸಿ, ಒಂದು ವಾರ ಹಾಳು ಮಾಡಿದೆವು. ಕೊನೆಗೆ ನೋಡಿದರೆ ಮೂತ್ರದ ಸೋಂಕು. ಜ್ವರ ಇಲ್ಲ, ಉರಿ ಇಲ್ಲ, ಏನೂ ಇಲ್ಲ! ಔಷಧಿ ಶುರುವಾಗಿ ನಾಲ್ಕನೇ ದಿನಕ್ಕೆ ಇರುವೆ ಹೋದವು.

ಗುಳಿಗೆ ಅಂಗಡಿ, ಬಾಗಲಕೋಟೆ:
ಅಕ್ಕ ಹೇಳಿದ್ದು ಸರಿ. ಎರಡು ಪ್ರಶ್ನೆ. ಬಿಪಿ ಗುಳಿಗೆ ಹೆಸರಿನ ಕೊನೆಗೆ "ಎಚ್" ಅಂತ ಇದೆಯಾ? ಊಟದಲ್ಲಿ ಉಪ್ಪು ಎಷ್ಟು? ಎಚ್ ಅಂದರೆ ಸಾಮಾನ್ಯವಾಗಿ ಮೂತ್ರ ಜಾಸ್ತಿ ಮಾಡಿಸುವ ಔಷಧಿಯೂ ಅದರಲ್ಲಿದೆ ಅಂತ. ವಯಸ್ಸಾದವರಿಗೆ ಇದರಿಂದ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿಯಬಹುದು. ಅದು 135ರಿಂದ 145 ಇರಬೇಕು, ತುಂಬಾ ಇಳಿದರೆ ಮಾತು, ನೆನಪು, ನಡಿಗೆ ಎಲ್ಲಾ ಹಳಿ ತಪ್ಪುತ್ತೆ. ನೆಗಡಿಗೆ ಅಂಗಡಿಯಿಂದ ತಂದು ನುಂಗೋ ನಿದ್ದೆ ಬರಿಸುವ ಗುಳಿಗೆಯಿಂದಲೂ ಮುದುಕರಿಗೆ ಗಲಿಬಿಲಿ ಆಗುತ್ತೆ. ಹಾಗಂತ ಬಿಪಿ ಗುಳಿಗೆ ನೀವೇ ನಿಲ್ಲಿಸಬೇಡಿ. ಮನೆಯಲ್ಲಿರೋ ಎಲ್ಲಾ ಗುಳಿಗೆ ಒಂದು ಚೀಲಕ್ಕೆ ಸುರುವಿಕೊಂಡು ನಾಳೆನೇ ಡಾಕ್ಟರ ಹತ್ತಿರ ಹೋಗಿ. ಸೋಡಿಯಂ, ಮೂತ್ರ, ಶುಗರ್ ಮೂರೂ ನೋಡಲಿ. ಮಂಪರು ಜಾಸ್ತಿ ಆದರೆ ಅಥವಾ ಫಿಟ್ಸ್ ಬಂದರೆ ನಾಳೆವರೆಗೂ ಕಾಯಬೇಡಿ.

ಲಿಂಬೆತೋಟ:
ಅವ್ವನಿಗೆ ಫೋನ್ ಮಾಡಿ ಚೀಟಿ ಓದಿಸಿದೆ. ಎಚ್ ಇದೆ ರೀ. ಯಾರೋ ಬೀಗರು ಬಿಪಿ ಇದ್ದವರು ಉಪ್ಪು ಮುಟ್ಟಬಾರದು ಅಂದರಂತೆ, ಯುಗಾದಿಯಿಂದ ಪಲ್ಯ, ಮಜ್ಜಿಗೆ ಎಲ್ಲಾ ಸಪ್ಪೆ. ಮೇಲೆ ಈ ಬಿಸಿಲಿಗೆ ತಂಬಿಗೆಗಟ್ಟಲೆ ಬರೀ ನೀರು. ಈಗಲೇ ಬಸ್ ಹತ್ತುತ್ತಿದ್ದೀನಿ.

ಲಿಂಬೆತೋಟ (ಆರು ದಿನದ ಮೇಲೆ):
ಸೋಡಿಯಂ 119 ಇತ್ತು. ವಿಜಯಪುರದಲ್ಲಿ ನಾಲ್ಕು ದಿನ ಅಡ್ಮಿಟ್. ಒಮ್ಮೆಲೇ ಏರಿಸಿದರೆ ಮಿದುಳಿಗೆ ಪೆಟ್ಟು ಅಂತ ನಿಧಾನಕ್ಕೆ ಏರಿಸಿದರು, ದಿನಕ್ಕೆ ಎರಡು ಮೂರು ಸಲ ರಕ್ತ ತೆಗೆದರು. ಬಿಪಿ ಗುಳಿಗೆ ಬದಲಾಯಿಸಿದ್ದಾರೆ, ಊಟಕ್ಕೆ ಮಿತವಾಗಿ ಉಪ್ಪು ಇರಲಿ ಅಂದಿದ್ದಾರೆ. ಮೂರನೇ ದಿನ ಅಪ್ಪ ಅವ್ವನ ಕಡೆ ನೋಡಿ, "ಯಾಕೆ ಇಷ್ಟು ಸೊರಗಿದ್ದೀಯಾ?" ಅಂದರು. ಈಗ ಎತ್ತಿನ ಸುದ್ದಿ ಇಲ್ಲ. ತನ್ನ ಬ್ಯಾಟರಿ ಸೆಲ್ ಯಾರು ಖಾಲಿ ಮಾಡಿದರು ಅಂತ ಎಲ್ಲರಿಗೂ ಬೈತಿದ್ದಾರೆ.

ಗುಳಿಗೆ ಅಂಗಡಿ, ಬಾಗಲಕೋಟೆ:
ಬೈಯಲಿ ಬಿಡಿ. ಮತ್ತೆ ರಕ್ತ ಯಾವಾಗ ನೋಡಿಸಬೇಕು ಅಂದರು?

ಲಿಂಬೆತೋಟ:
ಬರೋ ಸೋಮವಾರ. ರಜೆ ಹಾಕಿದ್ದೀನಿ.