ಅಂಡಮಾನಿನಲ್ಲಿ ನಾಲ್ಕು ರಾತ್ರಿ: ಏನು ಮಾಡುವುದು, ಏನು ಬಿಡುವುದು?

ಪ್ರಶ್ನೆ: ಮಂಡಿನೋವಿರುವ ಅಮ್ಮ ಮತ್ತು ಒಂಬತ್ತು ವರ್ಷದ ಮಗಳೊಂದಿಗೆ ಅಂಡಮಾನಿಗೆ ಹೊರಟಿದ್ದೇವೆ. ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಿಗೆ ಇಳಿಯುವುದು), ಬಾರಾಟಾಂಗ್ ದ್ವೀಪದ ಗುಹೆ, ನೀಲ್ ದ್ವೀಪ, ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು? ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ 1: ಸ್ಕೂಬಾ ಬಿಟ್ಟರೆ ಅಷ್ಟು ದೂರ ಹೋದದ್ದೇ ವ್ಯರ್ಥ. ಹ್ಯಾವ್‌ಲಾಕ್ ದ್ವೀಪದಲ್ಲಿ 4,500 ರೂಪಾಯಿ ಕೊಟ್ಟು ಇಳಿದೆ. ಹಿಂದಿನ ದಿನದಿಂದಲೇ ನೆಗಡಿಯಿದ್ದುದರಿಂದ, ಮೂಗು ಹಿಡಿದು ಎಷ್ಟು ಗಾಳಿ ಒತ್ತಿದರೂ ನೀರಿನ ಒತ್ತಡಕ್ಕೆ ಕಟ್ಟಿದ ಕಿವಿ ಬಿಡಲಿಲ್ಲ. ಮೂರು ಮೀಟರ್ ಇಳಿಯುವಷ್ಟರಲ್ಲಿ ಮೊಳೆ ಹೊಡೆದಂತಾಗಿ ಮೇಲೆ ಬಂದೆ. ಹಣ ಮರಳಲಿಲ್ಲ. ಎರಡು ದಿನ ಬಿಟ್ಟು ಮತ್ತೆ 4,500 ತೆತ್ತು ಇಳಿದಾಗ, ಕಿತ್ತಳೆ ಬಣ್ಣದ ಕ್ಲೌನ್ ಮೀನೊಂದು ತನ್ನ ಗೂಡು ಕಾಯುತ್ತ ನನ್ನ ಮುಖದತ್ತಲೇ ನುಗ್ಗಿ ಬಂತು. ಆ 9,000 ರೂಪಾಯಿಗೆ ನನಗೆ ಇಂದಿಗೂ ಬೇಸರವಿಲ್ಲ. ಸ್ಕೂಬಾ ಮುಗಿಸಿ ವಿಮಾನ ಹತ್ತುವ ಮುನ್ನ ಕನಿಷ್ಠ 18 ಗಂಟೆ ಅಂತರವಿರಲಿ. ಮೈಯಲ್ಲಿ ಕರಗಿದ ಸಾರಜನಕ ಎತ್ತರದಲ್ಲಿ ಗುಳ್ಳೆಗಟ್ಟುವ ಅಪಾಯವಿದೆ.

ಉತ್ತರ 2: ಸ್ಕೂಬಾ ಆಮೇಲಿನ ಮಾತು, ಮೊದಲು ಹಡಗಿನ ವಿಷಯ ಕೇಳಿ. ನಾವು ಹೊರಡಬೇಕಿದ್ದ ದಿನ ಗಾಳಿ ಎದ್ದು ಹ್ಯಾವ್‌ಲಾಕ್‌ನಿಂದ ಒಂದು ಹಡಗೂ ಬಿಡಲಿಲ್ಲ. ಅದೇ ಮಧ್ಯಾಹ್ನ ಪೋರ್ಟ್ ಬ್ಲೇರ್‌ನಿಂದ ಹತ್ತಬೇಕಿದ್ದ ವಿಮಾನ ತಪ್ಪಿತು. ಹೆಚ್ಚುವರಿ ಕೋಣೆ ಬಾಡಿಗೆ 3,800, ಜೆಟ್ಟಿಗೆ ಸುಮ್ಮನೆ ಮೂರು ಸಲ ಓಡಾಡಿದ್ದಕ್ಕೆ 900, ಇಬ್ಬರ ಹೊಸ ವಿಮಾನ ಟಿಕೆಟಿಗೆ 26,400: ಒಟ್ಟು 31,100 ರೂಪಾಯಿ ನೀರುಪಾಲಾಯಿತು.

ಉತ್ತರ 1: ಬೆಳಗಿನ ಹಡಗನ್ನು ನಂಬಿ ಅದೇ ಮಧ್ಯಾಹ್ನದ ವಿಮಾನ ಕಾದಿರಿಸಿದ್ದು ತಮ್ಮದೇ ತಪ್ಪು. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ.

ಉತ್ತರ 2: ಟಿಕೆಟ್ ಮಾಡಿಸಿದವನು ನಾನಲ್ಲ, ಏಜೆಂಟ್. ಕಳೆದುಕೊಂಡವನ ಗಾಯಕ್ಕೆ ಉಪ್ಪು ಸವರಬೇಡಿ.

ಉತ್ತರ 3: ನಮಗೆ ಬಾರಾಟಾಂಗ್ ಎಲ್ಲಕ್ಕಿಂತ ಹಿಡಿಸಿತು. ನಸುಕಿನ ಮೂರಕ್ಕೇ ಎದ್ದು ಜಿರ್ಕಾಟಾಂಗ್ ಚೆಕ್‌ಪೋಸ್ಟ್‌ನಲ್ಲಿ ಸಾಲು ನಿಂತು, ಬೆಂಗಾವಲಿನೊಂದಿಗೆ ಕಾಡು ದಾಟಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ದೋಣಿಯಲ್ಲಿ ಸಾಗಿ ಸುಣ್ಣಕಲ್ಲಿನ ಗುಹೆ ತಲುಪಿದೆವು. ಕಾರಿಗೆ 5,500 ಆಯಿತು. ಕೆಸರು ಜ್ವಾಲಾಮುಖಿಯೆಂದು ತೋರಿಸಿದ್ದು ಮಾತ್ರ ಗುಳುಗುಳು ಎನ್ನುವ ಒಂದು ಸಣ್ಣ ಹೊಂಡ.

ಉತ್ತರ 4: ಆ ಕಾಡು ಜಾರವಾ ಎಂಬ ಆದಿವಾಸಿ ಜನರ ಮೀಸಲು ನೆಲ. ಅವರ ಮನೆಯಂಗಳದಲ್ಲಿ ಕಾರು ಓಡಿಸಿ ಗುಹೆ ನೋಡುವ ಹಂಬಲವೇಕೆ? ನಾವು ಅದನ್ನು ಬಿಟ್ಟು ನೀಲ್ ದ್ವೀಪಕ್ಕೆ ಹೋದೆವು. ಅಲ್ಲಿ ನಾನೂ ಎಡವಿದೆ: ಕಲ್ಲಿನ ಸಹಜ ಸೇತುವೆಗೆ ಉಬ್ಬರದ ಹೊತ್ತಿನಲ್ಲಿ ಹೋಗಿ, ಸೊಂಟಮಟ್ಟದ ನೀರು ಕಂಡು, ಆಟೋಗೆ 600 ಕೊಟ್ಟು ಮರಳಿದೆ. ಮರುದಿನ ಇಳಿತದ ಸಮಯ ವಿಚಾರಿಸಿ ಹೋದಾಗ ಬಂಡೆಗುಳಿಗಳಲ್ಲಿ ಕಡಲಸೌತೆ ಎಂಬ ಜೀವಿಗಳನ್ನು ನಿಂತಲ್ಲೇ ನೋಡಿದೆವು.

ಉತ್ತರ 3: ಅದೇ ರಸ್ತೆಯಲ್ಲಿ ದ್ವೀಪದ ಜನ ದಿನವೂ ಬಸ್ಸಿನಲ್ಲಿ ಓಡಾಡುತ್ತಾರೆ. ನಾವೊಬ್ಬರೇ ಅಪರಾಧಿಗಳೇ?

ಉತ್ತರ 4: ಅವರು ಹೋಗುವುದು ಬದುಕಿಗಾಗಿ, ನೀವು ಹೋದದ್ದು ನೋಟಕ್ಕಾಗಿ.

ಉತ್ತರ 2: ಮೊದಲ ಉತ್ತರ ಬರೆದವರು ಪ್ರಶ್ನೆಯನ್ನೇ ಓದಿಲ್ಲ. ಮಗುವಿಗೆ ಒಂಬತ್ತು ವರ್ಷ. ಸ್ಕೂಬಾಗೆ ಸಾಮಾನ್ಯವಾಗಿ ಹತ್ತು ತುಂಬಿರಬೇಕು. ಬಾರಾಟಾಂಗ್‌ನಲ್ಲಿ ದೋಣಿ ಇಳಿದ ಮೇಲೆ ಗುಹೆಯವರೆಗೆ ಸುಮಾರು ಒಂದೂವರೆ ಕಿಲೋಮೀಟರ್ ನಡಿಗೆಯಿದೆ. ನಿಮ್ಮ ಅಮ್ಮನವರನ್ನು ಅಲ್ಲಿಗೆ ಕರೆದೊಯ್ಯಬೇಡಿ.