ಬರಾಬಾಸಿ ಮಾದರಿ 3 ಕೊಡುತ್ತದೆ, ನನ್ನ ಡೇಟಾ 2.2 ಅನ್ನುತ್ತದೆ. ಯಾಕೆ?

ಮಂಜೇಶ್ವರದ ವಿದ್ಯಾರ್ಥಿ:
ಎಂಎಸ್ಸಿ ಪ್ರಾಜೆಕ್ಟಿಗೆ ಕನ್ನಡ ವಿಕಿಪೀಡಿಯದ ಲಿಂಕ್ ಲೆಕ್ಕ ಹಾಕುತ್ತಿದ್ದೇನೆ. ‘ಕರ್ನಾಟಕ’, ‘ಭಾರತ’ ಪುಟಗಳಿಗೆ ರಾಶಿ ರಾಶಿ ಲಿಂಕ್, ನಮ್ಮ ಕುಂಬಳೆಯಂಥ ಪುಟಕ್ಕೆ ಬೆರಳೆಣಿಕೆ. ಲಾಗ್-ಲಾಗ್ ಗ್ರಾಫಿನಲ್ಲಿ ಒಳಬರುವ ಲಿಂಕುಗಳ ಘಾತಾಂಕ (ಲಿಂಕ್ ಹೆಚ್ಚಾದಂತೆ ಅಷ್ಟು ಲಿಂಕಿರುವ ಪುಟಗಳು ಎಷ್ಟು ಬೇಗ ಕಮ್ಮಿಯಾಗುತ್ತವೆ ಎಂಬ ಅಳತೆ) 2.2ರ ಆಸುಪಾಸು ಉಂಟು. ಹೆಚ್ಚು ಲಿಂಕಿರುವ ಪುಟಕ್ಕೇ ಹೊಸ ಲಿಂಕ್ ಬೀಳುವ ಸಾಧ್ಯತೆ ಹೆಚ್ಚು ಎನ್ನುವ ಬರಾಬಾಸಿ-ಆಲ್ಬರ್ಟ್ ಮಾದರಿ (1999) ಓಡಿಸಿದರೆ ಮಾತ್ರ, ಹೊಸ ಪುಟ ಹಾಕುವ ಲಿಂಕ್ ಎಷ್ಟೇ ಇಟ್ಟರೂ, 3ರ ಹತ್ತಿರವೇ ಬರುತ್ತದೆ. ಏನು ಬದಲಿಸಬೇಕು?

ಬದಿಯಡ್ಕ ಮೇಷ್ಟ್ರು:
ಆ ಮಾದರಿಯಲ್ಲಿ ಲಿಂಕಿಗೆ ದಿಕ್ಕಿಲ್ಲ ಮಾರಾಯ್ರೆ, ನಿಮ್ಮ ಡೇಟಾದಲ್ಲಿ ಉಂಟು. ಹೊಸ ಪುಟ ತಾನು ಹಾಕಿದ ಲಿಂಕುಗಳ ಬಲವನ್ನೂ ಹುಟ್ಟುವಾಗಲೇ ಪಡೆದುಬಿಡುತ್ತದೆ, ಅದಕ್ಕೇ 3. ಡೊರೊಗೊವ್ಟ್ಸೆವ್, ಮೆಂಡಿಸ್, ಸಮುಖಿನ್ 2000ದಲ್ಲಿ ಇದನ್ನೇ ಸಡಿಲಿಸಿದರು. ಒಂದು ಪುಟ ಹೊಸ ಲಿಂಕಿಗೆ ಆಯ್ಕೆಯಾಗುವ ಸಾಧ್ಯತೆ ‘ಒಳಲಿಂಕು + ಎ’ಗೆ ತಕ್ಕಂತೆ ಅಂತ ಇಡಿ; ‘ಎ’ ಅಂದರೆ ಒಳಲಿಂಕು ಇಲ್ಲದಿದ್ದರೂ ಪ್ರತಿ ಪುಟಕ್ಕೆ ಸುಮ್ನೆ ಸಿಗುವ ಬಲ. ಹೊಸ ಪುಟ ‘ಎಂ’ ಲಿಂಕ್ ಹಾಕಿದರೆ ಘಾತಾಂಕ 2 + ಎ/ಎಂ. ಎಂ 10 ಇದ್ದರೆ ಎ 2 ಇಡಿ, 2.2 ಬರುತ್ತದೆ. ಎ, ಎಂ ಎರಡೂ ಸಮ ಆದರೆ ಮತ್ತೆ ಅದೇ 3. ಅಂದರೆ ಹೊಸ ಪುಟಕ್ಕೆ ಸುಮ್ನೆ ಸಿಗುವ ಅವಕಾಶ ಕಮ್ಮಿಯಾದಷ್ಟೂ ದೊಡ್ಡ ಪುಟಗಳ ಪಾಲು ಜಾಸ್ತಿ.

ಉಪ್ಪಳ ಕೋಡರ್:
ನನಗೆ ನಕಲು ಮಾದರಿ ಹೆಚ್ಚು ಇಷ್ಟ. ಯಾರೂ ಒಳಲಿಂಕು ಎಣಿಸಿ ಬರೆಯುವುದಿಲ್ಲ, ಹಳೆಯ ಒಂದು ಪುಟ ತೆರೆದು ಅದರ ಲಿಂಕುಗಳನ್ನೇ ತಮ್ಮ ಪುಟಕ್ಕೂ ಹಾಕುತ್ತಾರೆ, ಅಲ್ವಾ? ಆರರಲ್ಲಿ ಒಂದು ಲಿಂಕ್ ಯಾವುದೋ ಪುಟಕ್ಕೆ ಹೋಗಿ ಉಳಿದವು ನಕಲಾದರೂ ಅದೇ 2.2. ಗ್ರಾಫ್ ನೋಡಿ ಕಾರಣ ಯಾವುದೆಂದು ಹೇಳಲು ಆಗದು. ಪುಟಗಳ ಹಳೆಯ ಆವೃತ್ತಿ ತೆಗೆದು ಲಿಂಕ್ ಯಾವಾಗ ಸೇರಿತೆಂದು ನೋಡಲೇಬೇಕು.

ಪೆರ್ಲ ಅಕ್ಕ:
ಅದಕ್ಕೂ ಮೊದಲು 2.2 ನಿಜವೋ ನೋಡಿ ತಮ್ಮ. ಲಾಗ್-ಲಾಗ್ ಗ್ರಾಫಿಗೆ ಗೆರೆ ಎಳೆದು ಇಳಿಜಾರು ತೆಗೆಯುವುದು ನಂಬುವಂಥದ್ದಲ್ಲ, ಬಾಲದಲ್ಲಿ, ಅಂದರೆ ತುಂಬ ಲಿಂಕಿರುವ ತುದಿಯಲ್ಲಿ, ಪುಟಗಳೇ ಕಮ್ಮಿ. ಕ್ಲೌಸೆಟ್, ಶಾಲಿಜಿ, ನ್ಯೂಮನ್ 2009ರಲ್ಲಿ ಹೇಳಿದ ಹಾಗೆ ಮ್ಯಾಕ್ಸಿಮಮ್ ಲೈಕ್ಲಿಹುಡ್ (ಡೇಟಾ ಹೀಗೆ ಬರುವ ಸಾಧ್ಯತೆ ಯಾವ ಘಾತಾಂಕಕ್ಕೆ ಅತಿ ಹೆಚ್ಚೋ ಅದನ್ನು ಆರಿಸುವ ವಿಧಾನ) ಬಳಸಿ, ಲಾಗ್‌ನಾರ್ಮಲ್ (ಬಾಲ ಹೀಗೇ ಉದ್ದ ಕಾಣುವ ಇನ್ನೊಂದು ಹಂಚಿಕೆ) ಜೊತೆಗೂ ಹೋಲಿಸಿ. ಇದಕ್ಕೆ ಪೈಥಾನಿನಲ್ಲಿ ‘ಪವರ್‌ಲಾ’ ಪ್ಯಾಕೇಜ್ ಉಂಟು. ಟೆಂಪ್ಲೇಟಿನಿಂದ (ಹಲವು ಪುಟಗಳಲ್ಲಿ ಒಂದೇ ಥರ ಸೇರಿಸುವ ಸಿದ್ಧ ತುಣುಕು) ಬರುವ ಲಿಂಕುಗಳನ್ನು ಬೇರೆ ಮಾಡಿ. ಒಂದು ಟೆಂಪ್ಲೇಟ್ ನೂರಾರು ಪುಟಗಳಿಗೆ ಒಂದೇ ಸಲ ಲಿಂಕ್ ಸುರಿಯುತ್ತದೆ, ಅದು ಯಾವ ಬೆಳವಣಿಗೆಯ ನಿಯಮವೂ ಅಲ್ಲ.

ಮಂಜೇಶ್ವರದ ವಿದ್ಯಾರ್ಥಿ:
ಟೆಂಪ್ಲೇಟ್ ಬೇರೆ ಮಾಡಿರಲಿಲ್ಲ ಅಕ್ಕ. ಪುಟದ ಮೂಲ ಬರಹದಲ್ಲಿರುವ ಲಿಂಕುಗಳನ್ನಷ್ಟೇ ಎಣಿಸಿದರೆ ಸಾಕಾ, ರೀಡೈರೆಕ್ಟುಗಳನ್ನೂ (ಬೇರೆ ಹೆಸರಿನಿಂದ ಮುಖ್ಯ ಪುಟಕ್ಕೆ ಕಳಿಸುವ ಪುಟಗಳು) ಮುಖ್ಯ ಪುಟದ ಜೊತೆ ಒಂದು ಮಾಡಬೇಕಾ?

ಪೆರ್ಲ ಅಕ್ಕ:
ಎರಡೂ ಮಾಡಿ. ರೀಡೈರೆಕ್ಟ್ ಬಿಟ್ಟರೆ ಒಂದೇ ಊರು ಎರಡು ಹೆಸರಿನಲ್ಲಿ ಎರಡು ಪುಟವಾಗಿ ಲೆಕ್ಕಕ್ಕೆ ಬರುತ್ತದೆ.